ಅವ್ವನ ಸ್ಕ್ಯಾನ್ ಸರಿ ಇದ್ದರೂ ಅಲ್ಝೈಮರ್ ಅಂತಾರೆ. ನಂಬಬೇಕಾ? ಮುಂದೇನು?

ಪ್ರಶ್ನೆ: ನಮ್ಮದು ಮದ್ದೂರು ಕಡೆ ಹಳ್ಳಿ. ಅವ್ವನಿಗೆ 70 ವರ್ಷ, ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಮನೆ, ಹಸು, ಡೈರಿ ಹಾಲಿನ ಲೆಕ್ಕ ಎಲ್ಲವನ್ನೂ ಒಬ್ಬರೇ ನೋಡಿಕೊಂಡವರು. ಎರಡು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಾರೆ. ಡೈರಿ ಪಾಸ್‌ಬುಕ್ ಲೆಕ್ಕ ಗೋಜಲಾಗುತ್ತಿದೆ. ಈಗ ಓಲೆ ಕದ್ದಿದ್ದಾಳೆ ಅಂತ ಅಣ್ಣನ ಹೆಂಡತಿ ಮೇಲೆ ಅನುಮಾನ. ಮೈಸೂರಿನಲ್ಲಿ ತೋರಿಸಿದೆವು. ರಕ್ತ ಪರೀಕ್ಷೆ ಸರಿ ಇದೆ. ಎಂಆರ್‌ಐ ರಿಪೋರ್ಟಿನಲ್ಲಿ ‘ವಯಸ್ಸಿಗೆ ತಕ್ಕ ಸವಕಳಿ’ ಅಂತಷ್ಟೇ ಇದೆ. ಆದರೂ ಚೀಟಿಯಲ್ಲಿ ‘ಪ್ರಾಬಬಲ್ ಅಲ್ಝೈಮರ್’ (ಬಹುಶಃ ಅಲ್ಝೈಮರ್) ಎಂದು ಬರೆದು ಡೊನೆಪೆಜಿಲ್ ಮಾತ್ರೆ ಕೊಟ್ಟಿದ್ದಾರೆ. ಊರಿನವರು ಅರವತ್ತರ ಅರಳುಮರಳು, ಬಿಡಿ ಅಂತಾರೆ. ಡಾಕ್ಟರಿಗೇ ಖಾತ್ರಿ ಇಲ್ವಾ? ಬೆಂಗಳೂರಿಗೆ ಹೋಗಿ ಇನ್ನೂ ದೊಡ್ಡ ಸ್ಕ್ಯಾನ್ ಮಾಡಿಸಬೇಕಾ? ಕಾಯಿಲೆ ಎಷ್ಟು ಬೇಗ ಜಾಸ್ತಿ ಆಗುತ್ತೆ? ನಮ್ಮನ್ನೇ ಮರೆತುಬಿಡ್ತಾರಾ? ನನಗೂ ಬರುತ್ತಾ?

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಎಂಆರ್‌ಐ ರಿಪೋರ್ಟಿಗಿಂತ ಮುಖ್ಯವಾಗಿ ಕಂಡದ್ದು ಆ ಡೈರಿ ಪಾಸ್‌ಬುಕ್. ವಯಸ್ಸಾದಾಗ ಹೆಸರುಗಳು ತಕ್ಷಣ ಬಾಯಿಗೆ ಬರುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತೇವೆ, ಸ್ವಲ್ಪ ಹೊತ್ತಿನ ಮೇಲೆ ನೆನಪಾಗುತ್ತದೆ. ಅದು ಎಲ್ಲರಿಗೂ ಆಗುವಂಥದ್ದು. ಆದರೆ ವರ್ಷಗಟ್ಟಲೆ ಲೆಕ್ಕ ತಪ್ಪದ ಹೆಂಗಸು ಅದೇ ಲೆಕ್ಕದಲ್ಲಿ ಎಡವತೊಡಗಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ಮರೆವು ಇದೆಯಾ ಎನ್ನುವುದಕ್ಕಿಂತ, ಮರೆವಿನಿಂದ ಅವರ ದಿನನಿತ್ಯದ ಕೆಲಸ ಕೆಡುತ್ತಿದೆಯಾ ಎನ್ನುವುದನ್ನು ನಾವು ನೋಡುತ್ತೇವೆ. ಕೆಲಸ ಕೆಡುವಷ್ಟಾದರೆ ಅದನ್ನು ಡಿಮೆನ್ಷಿಯಾ ಅನ್ನುತ್ತೇವೆ. ಡಿಮೆನ್ಷಿಯಾಗೆ ಕಾರಣಗಳು ಹಲವು. ಅದರಲ್ಲಿ ಶೇ 60ರಿಂದ 70ರಷ್ಟು ಅಲ್ಝೈಮರ್. ಇನ್ನು ಅರಳುಮರಳು ಎನ್ನುವವರಿಗೆ ಒಂದು ಲೆಕ್ಕ ಹೇಳಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ 7.4. ಅಂದರೆ ಸುಮಾರು 88 ಲಕ್ಷ ಜನ. ಉಳಿದ 92 ಭಾಗ ಜನರಿಗೂ ವಯಸ್ಸಾಗಿದೆ, ಅವರ ಲೆಕ್ಕ ತಪ್ಪಿಲ್ಲ ಅಲ್ವಾ?

ಈಗ ‘ಪ್ರಾಬಬಲ್’ ವಿಷಯ. ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಜರ್ಮನಿಯ ಅಲೋಯಿಸ್ ಅಲ್ಝೈಮರ್, 1906ರಲ್ಲಿ. ಅವರ ರೋಗಿ ಆಗುಸ್ಟೆ ಎಂಬ ಹೆಂಗಸು. 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಆಕೆಯಲ್ಲಿ ಮೊದಮೊದಲು ಕಾಣಿಸಿದ್ದೂ ಅನುಮಾನವೇ, ಗಂಡನ ಮೇಲೆ. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಎರಡು ಬಗೆಯ ಕೆಡುಕು ಕಂಡಿತು. ನರಕೋಶಗಳ ಹೊರಗೆ ಗಂಟುಗಟ್ಟಿದ ಕಸ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಹೊರಗಿನದು ಅಮೈಲಾಯ್ಡ್ ಎಂಬ ಪ್ರೋಟೀನ್, ಒಳಗಿನದು ಟೌ ಎಂಬ ಪ್ರೋಟೀನ್ ಎಂದು ಇವತ್ತು ನಮಗೆ ಗೊತ್ತಿದೆ. ಬಹಳ ಕಾಲ ಇವೆರಡನ್ನೂ ಕಣ್ಣಾರೆ ಕಾಣಲು ಸಾವಿನ ನಂತರವಷ್ಟೇ ಸಾಧ್ಯವಿತ್ತು. ಹಾಗಾಗಿ ಬದುಕಿರುವ ವ್ಯಕ್ತಿಯಲ್ಲಿ ಲಕ್ಷಣಗಳೆಲ್ಲ ಹೊಂದಿ, ಬೇರೆ ಕಾರಣಗಳು ಇಲ್ಲ ಎಂದು ಖಾತ್ರಿಯಾದರೆ ‘ಪ್ರಾಬಬಲ್’ ಎಂದು ಬರೆಯಬೇಕು ಎಂಬ ನಿಯಮ 1984ರಲ್ಲಿ ಬಂತು. ಅದೇ ಇವತ್ತಿಗೂ ರೂಢಿಯಲ್ಲಿದೆ. ನಿಮ್ಮ ಡಾಕ್ಟರ್ ನಿಯಮದ ಪ್ರಕಾರವೇ ಬರೆದಿದ್ದಾರೆ. ಅದನ್ನು ಅನುಮಾನದ ಮಾತು ಅಂತ ಓದಬೇಡಿ.

ಹಾಗಾದರೆ ಅಲ್ಲಿಗೆ ತಲುಪಿದ್ದು ಹೇಗೆ? ಒಂದೇ ಟೆಸ್ಟಿನಿಂದ ಇದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತಂದಹಾಗೆ ಇಲ್ಲಿ ಆಗದು. ಮುಕ್ಕಾಲು ಪಾಲು ಗೊತ್ತಾಗುವುದು ಮನೆಯವರು ಹೇಳುವ ಮಾತಿನಿಂದ. ಯಾವಾಗ ಶುರುವಾಯಿತು, ಮೆಲ್ಲಗೆ ಬಂತೋ ದಿಢೀರನೆ ಬಂತೋ, ಮೊದಲು ಕೈಬಿಟ್ಟ ಕೆಲಸ ಯಾವುದು. ನಿಮ್ಮ ಅವ್ವನಲ್ಲಿ ಹೊಸ ಸಂಗತಿ ನಿಲ್ಲದಿರುವುದು ಮೊದಲು, ಆಮೇಲೆ ಲೆಕ್ಕ, ಆಮೇಲೆ ಅನುಮಾನ, ಅದೂ ಎರಡು ವರ್ಷದಲ್ಲಿ ನಿಧಾನವಾಗಿ. ಇದು ಅಲ್ಝೈಮರಿನ ನಡೆಗೆ ಸರಿಯಾಗಿ ಹೊಂದುತ್ತದೆ.

ಆಮೇಲೆ ರೋಗಿಯ ಜೊತೆ ಕೂತು ಮಾಡುವ ಪರೀಕ್ಷೆ. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳುವುದು, ದಿನ, ವಾರ, ಊರು ಕೇಳುವುದು, ಹೀಗೆ. 30 ಅಂಕದ ಪರೀಕ್ಷೆ ಇದೆ, ಕನ್ನಡದಲ್ಲೂ ಇದೆ. ಕ್ಲಿನಿಕ್ಕಿನಲ್ಲಿ ಇದನ್ನು ಮಾಡುವಾಗ ನಾನು ಒಂದನ್ನು ತಪ್ಪದೆ ಗಮನಿಸುತ್ತೇನೆ. ‘ಇವತ್ತು ಯಾವ ವಾರ, ಅಮ್ಮಾ?’ ಅಂತ ಕೇಳಿದ ಕೂಡಲೇ ಅವರು ನನ್ನ ಮುಖ ನೋಡುವುದಿಲ್ಲ. ಕುತ್ತಿಗೆ ತಿರುಗಿಸಿ ಪಕ್ಕದಲ್ಲಿ ಕೂತ ಮಗಳ ಮುಖ ನೋಡುತ್ತಾರೆ. ‘ಏನವ್ವಾ, ಹೇಳು’ ಅಂತಾರೆ. ಇಲ್ಲವೇ ನಗುತ್ತಾ ‘ವಾರ ಕಟ್ಟಿಕೊಂಡು ನಂಗೇನಾಗಬೇಕು ಸ್ವಾಮಿ’ ಅಂತಾರೆ. ಉತ್ತರಕ್ಕೆ ಬೇರೆಯವರನ್ನು ಆತುಕೊಳ್ಳುವ ಈ ಅಭ್ಯಾಸ ಅಂಕಿಗಳಿಗಿಂತ ಜಾಸ್ತಿ ಹೇಳುತ್ತದೆ. ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆಯೂ ಬೇಕು. ಗಡಿಯಾರದ ಚಿತ್ರ ಬರಿ, ನೂರರಿಂದ ಏಳು ಕಳೆಯುತ್ತಾ ಹೋಗು ಎನ್ನುವ ಪ್ರಶ್ನೆಗಳು ಶಾಲೆ ಕಂಡವರಿಗೆ ಸುಲಭ. ಓದಿಲ್ಲದವರು ಕಾಯಿಲೆ ಇಲ್ಲದೆಯೂ ಕಡಿಮೆ ಅಂಕ ಪಡೆಯುತ್ತಾರೆ. ನಿವೃತ್ತ ಮೇಷ್ಟ್ರು ಕಾಯಿಲೆ ಇದ್ದರೂ ಪಾಸಾಗುತ್ತಾರೆ. ನಾಲ್ಕನೇ ಕ್ಲಾಸಿನ ನಿಮ್ಮ ಅವ್ವನನ್ನು ಅಳೆಯಲು ಅವರದೇ ಹಾಲಿನ ಲೆಕ್ಕಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಎಂಆರ್‌ಐ ಯಾಕೆ ಮಾಡಿಸಿದ್ದು ಅಂದರೆ, ಮುಖ್ಯವಾಗಿ ಬೇರೆ ಕಾರಣಗಳನ್ನು ಹುಡುಕಲು. ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯಾ, ಗಡ್ಡೆ ಇದೆಯಾ, ನೀರು ತುಂಬಿಕೊಂಡಿದೆಯಾ, ಸಣ್ಣ ಸಣ್ಣ ಸ್ಟ್ರೋಕ್ ಆಗಿದೆಯಾ. ಇವು ಇಲ್ಲ ಅಂತ ಗೊತ್ತಾಯಿತು, ಅದೇ ಅದರ ಉಪಯೋಗ. ಅಲ್ಝೈಮರಿನಲ್ಲಿ ಮೊದಲು ಸೊರಗುವುದು ಕಿವಿಯ ನೇರಕ್ಕೆ ಒಳಗಿರುವ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ. ಶುರುವಿನಲ್ಲಿ ಆ ಸೊರಗುವಿಕೆ ಬಹಳ ಕಡಿಮೆ ಇರುತ್ತದೆ. ಫಿಲ್ಮ್ ಓದಿದ ಡಾಕ್ಟರಿಗೆ ನಿಮ್ಮ ಅವ್ವನ ಪಾಸ್‌ಬುಕ್ ಕಥೆ ಗೊತ್ತಿರುವುದಿಲ್ಲ. ಹಾಗಾಗಿ ‘ವಯಸ್ಸಿಗೆ ತಕ್ಕ ಸವಕಳಿ’ ಎಂಬ ಮಾತಿನಿಂದ ಅಲ್ಝೈಮರ್ ಇಲ್ಲ ಅಂತ ಸಾಬೀತಾಗುವುದಿಲ್ಲ. ಇದೆ ಅಂತಲೂ ಆಗುವುದಿಲ್ಲ.

ಬೆಂಗಳೂರಿನ ದೊಡ್ಡ ಸ್ಕ್ಯಾನ್? ಅಮೈಲಾಯ್ಡ್ ಪೆಟ್ ಎಂಬ ಸ್ಕ್ಯಾನ್ ಇದೆ. ಬೆನ್ನುಹುರಿಯ ನೀರಿನ ಪರೀಕ್ಷೆ ಇದೆ. ಈಗ ರಕ್ತದಲ್ಲೇ ಪಿ-ಟೌ 217 ಎಂಬ ಅಂಶ ನೋಡುವ ಪರೀಕ್ಷೆಯೂ ಬಂದಿದೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥದ್ದೊಂದಕ್ಕೆ ಒಪ್ಪಿಗೆ ಕೊಟ್ಟಿತು. ಇವು ಮಿದುಳಿನಲ್ಲಿ ಆ ಪ್ರೋಟೀನ್ ಕೂಡಿಕೊಂಡಿದೆಯಾ ಎಂದು ಹೇಳುತ್ತವೆ. 65ಕ್ಕಿಂತ ಮೊದಲೇ ಕಾಯಿಲೆ ಬಂದಿದ್ದರೆ, ಮರೆವಿಗಿಂತ ಮೊದಲು ನಡತೆಯೋ ಮಾತೋ ಕೆಟ್ಟಿದ್ದರೆ, ಇವು ಬೇಕಾಗುತ್ತವೆ. ನಿಮ್ಮ ಅವ್ವನಿಗೆ ಸದ್ಯ ಬೇಡ ಅಂತಲೇ ನನ್ನ ಅಭಿಪ್ರಾಯ. ಅಮೈಲಾಯ್ಡ್ ಎನ್ನುವುದು ಆರೋಗ್ಯವಾಗಿ ಓಡಾಡಿಕೊಂಡಿರುವ ಅನೇಕ ವಯಸ್ಸಾದವರಲ್ಲೂ ಸಿಗುತ್ತದೆ. ಜೊತೆಗೆ, ಸ್ಕ್ಯಾನ್ ಫಲಿತಾಂಶ ಏನೇ ಬಂದರೂ ಅವರ ಔಷಧಿ, ಆರೈಕೆ ಬದಲಾಗುವುದಿಲ್ಲ. ಆ ದುಡ್ಡು ಮುಂದೆ ಮನೆಗೆ ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಲು ಬೇಕಾಗುತ್ತದೆ.

ಅದರ ಬದಲು ಈ ಕೆಲವನ್ನು ಖಾತ್ರಿ ಮಾಡಿಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್, ಬಿ12, ಸೋಡಿಯಂ ಇವೆಯಾ ನೋಡಿ. ಇವುಗಳ ಏರುಪೇರಿನಿಂದ ಬರುವ ಮರೆವನ್ನು ಬಹಳಷ್ಟು ಸಲ ಸರಿಪಡಿಸಬಹುದು. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ. ನಿದ್ದೆಗೆ ಕೊಡುವ ಆಲ್‌ಪ್ರಾಜೊಲಾಮ್, ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿಗೆ ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೊಡುವ ಕ್ಲೋರ್‌ಫೆನಿರಮಿನ್, ಇವೆಲ್ಲ ವಯಸ್ಸಾದವರ ಬುದ್ಧಿಯನ್ನು ಮಂಕು ಮಾಡುತ್ತವೆ. ಅಪ್ಪ ಹೋದ ದುಃಖ ಖಿನ್ನತೆಯಾಗಿ ಕೂತಿದೆಯಾ ಅಂತಲೂ ವಿಚಾರಿಸಿ. ಇನ್ನು ಕಿವಿ. ಸರಿಯಾಗಿ ಕೇಳಿಸದವರಿಗೆ ಮಾತು ಮನಸ್ಸಿಗೆ ಹೋಗುವುದೇ ಇಲ್ಲ, ಅದು ಮರೆವಿನಂತೆ ಕಾಣುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮುಂದಿನ ಸಲ ಬಂದಾಗ ಅಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಂಡೇ ಹೋಗಿ.

ಓಲೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಗಳು ಒಡೆಯುವುದು ಇಲ್ಲೇ. ಅವ್ವ ಓಲೆ ಬಿಚ್ಚಿ ಕಳ್ಳರ ಭಯಕ್ಕೆ ರಾಗಿ ಡಬ್ಬದಲ್ಲೋ ಹಳೇ ಸೀರೆ ಮಡಿಕೆಯಲ್ಲೋ ಇಡುತ್ತಾರೆ. ಇಟ್ಟ ಸಂಗತಿ ಹಿಪೊಕ್ಯಾಂಪಸ್ಸಿನಲ್ಲಿ ದಾಖಲಾಗುವುದೇ ಇಲ್ಲ. ಮರೆತಿದ್ದಾರೆ ಅನ್ನುವುದಕ್ಕಿಂತ, ಅವರ ಪಾಲಿಗೆ ಅದು ನಡೆದೇ ಇಲ್ಲ. ಮರುದಿನ ಪೆಟ್ಟಿಗೆ ತೆರೆದರೆ ಓಲೆ ಇಲ್ಲ. ತಾನು ತೆಗೆದಿಲ್ಲ ಎನ್ನುವುದು ಅವರಿಗೆ ಖಂಡಿತ. ಹಾಗಾದರೆ ಯಾರೋ ತೆಗೆದಿರಬೇಕು. ಮನೆಯಲ್ಲಿ ದಿನವಿಡೀ ಇರುವುದು ಸೊಸೆ. ಅವರ ಲೆಕ್ಕದಲ್ಲಿ ಇದು ಸರಿಯಾದ ತರ್ಕವೇ. ಆದ್ದರಿಂದ ‘ನೀನೇ ಇಟ್ಟಿದ್ದೀಯ, ನೆನಪಿಲ್ವಾ?’ ಎಂದು ವಾದಿಸಿ ಪ್ರಯೋಜನ ಇಲ್ಲ. ‘ಓಲೆ ಹೋದರೆ ಯಾರಿಗಾದರೂ ಬೇಜಾರೇ ಅವ್ವ, ಬಾ ಇಬ್ಬರೂ ಹುಡುಕೋಣ’ ಅನ್ನಿ. ಅವರು ಸಾಮಾನ್ಯವಾಗಿ ಬಚ್ಚಿಡುವ ಜಾಗಗಳು ನಾಲ್ಕೋ ಐದೋ ಇರುತ್ತವೆ, ಗುರುತು ಮಾಡಿಟ್ಟುಕೊಳ್ಳಿ. ನಿಜವಾದ ಚಿನ್ನವನ್ನು ಬೇರೆ ಕಡೆ ಭದ್ರ ಮಾಡಿ, ಅದೇ ಥರದ ಗಿಲೀಟಿನ ಓಲೆ ಕೊಟ್ಟಿಡಿ.

ನಿಮ್ಮ ಅತ್ತಿಗೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಎರಡು ಹೊತ್ತು ಊಟ ಬಡಿಸಿ, ಸ್ನಾನಕ್ಕೆ ನೀರು ಕಾಯಿಸಿ, ಊರವರ ಮುಂದೆ ಕಳ್ಳಿ ಅನ್ನಿಸಿಕೊಳ್ಳುವುದು ಸಣ್ಣ ನೋವಲ್ಲ. ನೀವೂ ಅಣ್ಣನೂ ಎಲ್ಲರನ್ನೂ ಕೂರಿಸಿ, ಇದು ಕಾಯಿಲೆ ಆಡಿಸುವ ಮಾತು, ಅತ್ತಿಗೆ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ ಎಂದು ಬಾಯಿಬಿಟ್ಟು ಹೇಳಿ. ನೆಂಟರ ಮುಂದೆಯೂ ಹೇಳಿ. ತಿಂಗಳಲ್ಲಿ ಕೆಲವು ದಿನ ಅವ್ವನನ್ನು ನೀವು ನೋಡಿಕೊಂಡು ಆಕೆಯನ್ನು ತವರಿಗೆ ಕಳಿಸಿ. ಮುಂದಿನ ಹಲವು ವರ್ಷ ಅವ್ವನ ಆರೈಕೆ ನಿಂತಿರುವುದು ಆಕೆಯ ಆರೋಗ್ಯದ ಮೇಲೆ.

ಎಷ್ಟು ಬೇಗ ಜಾಸ್ತಿ ಆಗುತ್ತೆ ಅಂತ ಕೇಳಿದಿರಿ. ಮಿದುಳಿನಲ್ಲಿ ಬದಲಾವಣೆ ಶುರುವಾಗಿ 15–20 ವರ್ಷ ಆದ ಮೇಲೆ ಲಕ್ಷಣ ಕಾಣುತ್ತದೆ. ಕಾಯಿಲೆ ಗೊತ್ತಾದ ಮೇಲೆ ಸರಾಸರಿ 4ರಿಂದ 8 ವರ್ಷ ಬದುಕುತ್ತಾರೆ, ಕೆಲವರು 20 ವರ್ಷದವರೆಗೂ ಇದ್ದಾರೆ. ಒಬ್ಬೊಬ್ಬರದು ಒಂದೊಂದು ವೇಗ. ಇಷ್ಟೇ ದಿನ ಅಂತ ಯಾರಾದರೂ ನಿಖರವಾಗಿ ಹೇಳಿದರೆ ನಂಬಬೇಡಿ. ಆದರೆ ಕೆಲಸಗಳು ಕೈಬಿಡುವ ಕ್ರಮ ಹೆಚ್ಚುಕಮ್ಮಿ ಎಲ್ಲರಲ್ಲೂ ಒಂದೇ. ಅದನ್ನು ನೋಡಿಯೇ ಎಲ್ಲಿದ್ದಾರೆ ಅಂತ ಹೇಳಬಹುದು.

ಮೊದಲ ಹಂತದಲ್ಲಿ ಹೋಗುವುದು ದುಡ್ಡಿನ ಲೆಕ್ಕ, ಮಾತ್ರೆ ತೆಗೆದುಕೊಳ್ಳುವುದು, ಬಸ್ಸು ಹತ್ತಿ ಒಬ್ಬರೇ ಹೋಗಿಬರುವುದು, ನಾಲ್ಕು ಜನಕ್ಕೆ ಅಡುಗೆ. ನಿಮ್ಮ ಅವ್ವ ಈಗ ಇಲ್ಲಿದ್ದಾರೆ. ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಎರಡನೆಯದು ಎಲ್ಲಕ್ಕಿಂತ ಉದ್ದ, ಮನೆಯವರಿಗೆ ಎಲ್ಲಕ್ಕಿಂತ ಕಷ್ಟ. ಯಾವ ಸೀರೆ ಉಡಬೇಕು ಗೊತ್ತಾಗುವುದಿಲ್ಲ, ಸ್ನಾನ ಬೇಡ ಅಂತ ಜಗಳ, ರಾತ್ರಿ ನಿದ್ದೆ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಏರುತ್ತದೆ. ತಮ್ಮದೇ ಮನೆಯಲ್ಲಿ ಕೂತು ‘ಮನೆಗೆ ಹೋಗ್ತೀನಿ’ ಅಂತಾರೆ, ತವರೂರಿನ ಮನೆಗೆ. ಹೊರಟೇ ಬಿಡುತ್ತಾರೆ. ನಿಮ್ಮ ಸೀಮೆಯಲ್ಲಿ ನನಗೆ ಇದೇ ದೊಡ್ಡ ಭಯ. ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು, ಆಳೆತ್ತರದ ಕಬ್ಬಿನ ಗದ್ದೆ. ಕಬ್ಬಿನೊಳಗೆ ಹೋದವರು ಹತ್ತು ಮಾರಿನಲ್ಲಿದ್ದರೂ ಕಾಣುವುದಿಲ್ಲ. ಅಂಥ ಸ್ಥಿತಿ ಬರುವ ಮುಂಚೆಯೇ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ. ಫೋನ್ ನಂಬರ್ ಕೆತ್ತಿಸಿದ ಬಳೆ ಕೈಗೆ ಹಾಕಿ. ಡೈರಿಯವರಿಗೆ, ಅಂಗಡಿಯವರಿಗೆ, ಆಟೋದವರಿಗೆ ವಿಷಯ ತಿಳಿಸಿಡಿ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಗದ್ದೆಗೆ ಹೊಡೆಯುವ ಔಷಧಿ ಬಾಟಲಿಗಳಿಗೆ ಇವತ್ತೇ ಬೀಗ ಹಾಕಿ, ಅದಕ್ಕೆ ಹಂತ ಕಾಯಬೇಡಿ.

ಈ ಹಂತದಲ್ಲೂ ಕೈಗೆ ಹತ್ತಿದ ಕೆಲಸ ಬಹಳ ದಿನ ಉಳಿಯುತ್ತದೆ. ಮೊಮ್ಮಗನ ಹೆಸರು ಬಾರದವರು ಮುದ್ದೆಯನ್ನು ಅಂಗೈಯಲ್ಲಿ ಉರುಳಿಸಿ ನುಣ್ಣಗೆ ಕಟ್ಟುತ್ತಾರೆ. ಹಾಲು ಕರೆಯುತ್ತಾರೆ. ಒಂದು ಸಾಲು ಎತ್ತಿಕೊಟ್ಟರೆ ಸೋಬಾನೆ ಪದವನ್ನು ಕೊನೆವರೆಗೂ ಹಾಡುತ್ತಾರೆ. ಮಿದುಳಿನಲ್ಲಿ ಈ ಬಗೆಯ ನೆನಪಿನ ಜಾಗವೇ ಬೇರೆ, ಅಲ್ಲಿಗೆ ಕಾಯಿಲೆ ತಡವಾಗಿ ಹೋಗುತ್ತದೆ. ಹಾಗಾಗಿ ಪಾಪ ಅಂತ ಎಲ್ಲ ಕೆಲಸ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸಬೇಡಿ. ಅವರೆಕಾಳು ಬಿಡಿಸುವುದಕ್ಕೆ ಕೊಡಿ, ತಪ್ಪಾದರೆ ಆಗಲಿ.

ಕೊನೆಯ ಹಂತದಲ್ಲಿ ಮಾತು ಕಡಿಮೆಯಾಗುತ್ತದೆ, ನಡಿಗೆ ನಿಲ್ಲುತ್ತದೆ, ನುಂಗಲು ಕಷ್ಟ. ಆಹಾರ ಶ್ವಾಸಕೋಶಕ್ಕೆ ಹೋಗಿ ಬರುವ ನ್ಯುಮೋನಿಯಾದಿಂದಲೇ ಅನೇಕರು ತೀರಿಕೊಳ್ಳುತ್ತಾರೆ. ಆಗ ಮೂಗಿಗೆ ಟ್ಯೂಬ್ ಹಾಕೋಣ್ವಾ ಎಂಬ ಪ್ರಶ್ನೆ ಬರುತ್ತದೆ. ಟ್ಯೂಬಿನಿಂದ ಆಯಸ್ಸು ಜಾಸ್ತಿಯಾಗುವುದಕ್ಕೆ ಪುರಾವೆ ಇಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ. ನೆಟ್ಟಗೆ ಕೂರಿಸಿ, ಮೆತ್ತಗಿನದ್ದನ್ನು ಚಮಚದಲ್ಲಿ ನಿಧಾನವಾಗಿ ತಿನ್ನಿಸುವುದೇ ಒಳ್ಳೆಯದು. ಇದನ್ನು ಈಗಲೇ ಹೇಳುತ್ತಿರುವುದು ಹೆದರಿಸಲು ಅಲ್ಲ. ಐಸಿಯು ಬಾಗಿಲಲ್ಲಿ ನಿಂತು ಮೊದಲ ಸಲ ಯೋಚಿಸುವ ಸ್ಥಿತಿ ನಿಮಗೆ ಬರಬಾರದು.

ಒಂದನ್ನು ಗಟ್ಟಿಯಾಗಿ ನೆನಪಿಡಿ. ಅಲ್ಝೈಮರ್ ತಿಂಗಳುಗಳ ಲೆಕ್ಕದಲ್ಲಿ ಬದಲಾಗುತ್ತದೆ. ಎರಡು ಮೂರು ದಿನದಲ್ಲಿ ಅವ್ವ ಪೂರ್ತಿ ಗೊಂದಲವಾದರೆ, ಮಂಪರಾದರೆ, ಇಲ್ಲದವರನ್ನು ಕಂಡರೆ, ಕಾಯಿಲೆ ಜಾಸ್ತಿಯಾಯಿತು ಅಂತ ಮನೆಯಲ್ಲೇ ಇರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಬಿದ್ದು ಆದ ಪೆಟ್ಟು, ಇಂಥದ್ದೇನಾದರೂ ಇರುತ್ತದೆ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಡ್ಯದ ಮಿಮ್ಸ್ ಆದರೂ ಸರಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆದರೂ ಸರಿ.

ಮಾತ್ರೆ ಬಗ್ಗೆ. ಡೊನೆಪೆಜಿಲ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕೆಲವರಲ್ಲಿ ಗಮನ, ಚುರುಕು ಸ್ವಲ್ಪ ಕಾಲ ಸುಧಾರಿಸುತ್ತದೆ. 5 ಮಿಲಿಗ್ರಾಂನಲ್ಲಿ ಶುರುಮಾಡಿ, ನಾಲ್ಕಾರು ವಾರದ ಮೇಲೆ 10ಕ್ಕೆ ಏರಿಸುತ್ತಾರೆ. ವಾಕರಿಕೆ, ಭೇದಿ ಆಗಬಹುದು. ತಲೆಸುತ್ತಿ ಬಿದ್ದರೆ ನಾಡಿ ನಿಧಾನವಾಗಿದೆಯಾ ಎಂದು ಡಾಕ್ಟರಿಗೆ ತೋರಿಸಿ. ಕೆಟ್ಟ ಕನಸು ಬಿದ್ದರೆ, ಕೇಳಿಕೊಂಡು ಬೆಳಗ್ಗೆ ಕೊಡಬಹುದು. ಮುಂದಿನ ಹಂತದಲ್ಲಿ ಮೆಮಾಂಟಿನ್ ಸೇರಿಸುತ್ತಾರೆ. ಪೇಪರಿನಲ್ಲಿ ಬರುವ ಹೊಸ ಔಷಧಿಗಳು, ಲೆಕನೆಮ್ಯಾಬ್ ಮತ್ತು ಡೊನನೆಮ್ಯಾಬ್, ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಒಪ್ಪಿಗೆ ಪಡೆದವು. ತೀರಾ ಆರಂಭದಲ್ಲಿರುವವರಲ್ಲಿ ಕಾಯಿಲೆಯ ವೇಗವನ್ನು ಒಂದಷ್ಟು ತಗ್ಗಿಸುತ್ತವೆ, ಹೋದದ್ದನ್ನು ತಂದುಕೊಡುವುದಿಲ್ಲ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಇದನ್ನೊಂದೇ ನಂಬಿ ಕಾಯುವುದು ಬೇಡ. ನೆನಪಿನ ಶಕ್ತಿ ವಾಪಸ್ ತರುತ್ತೇವೆ ಎಂಬ ಪುಡಿ, ತೈಲಗಳಿಗೆ ದುಡ್ಡು ಸುರಿಯಲೂ ಬೇಡಿ.

ಕಾಗದಪತ್ರದ ಕೆಲಸ ಮಾತ್ರ ತಡಮಾಡುವಂತಿಲ್ಲ. ಜಮೀನು, ಬ್ಯಾಂಕು, ವಿಲ್ ಬಗ್ಗೆ ಅವ್ವನ ಇಚ್ಛೆ ಏನು ಅಂತ ಈಗಲೇ ಕೇಳಿ. ಅವರು ಚುರುಕಾಗಿರುವ ದಿನ ನೋಡಿ, ಬೆಳಗಿನ ಹೊತ್ತು, ನಿಧಾನವಾಗಿ. ಕಾಯಿಲೆ ಗೊತ್ತಾದ ಮಾತ್ರಕ್ಕೆ ಅವರ ಮಾತಿಗೆ ಬೆಲೆ ಹೋಗುವುದಿಲ್ಲ. ತಿಳಿದು ನಿರ್ಧರಿಸುವ ಶಕ್ತಿ ಇದೆ ಎಂಬ ಡಾಕ್ಟರ್ ಪತ್ರ ಜೊತೆಗಿರಲಿ. ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವಲ್ಲ ಅಂತ ಸುಮ್ಮನಿರಬೇಡಿ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದ ಮೇಲೆ ಅದು ನಡೆಯುವುದಿಲ್ಲ. ಆಮೇಲೆ ಪೋಷಕರ ನೇಮಕಕ್ಕೆ ಕೋರ್ಟು ಅಲೆಯಬೇಕು.

ನಿಮ್ಮನ್ನು ಮರೆಯುತ್ತಾರಾ? ಒಂದು ದಿನ ಹೆಸರು ಬರದೇ ಇರಬಹುದು. ನಿಮ್ಮನ್ನು ತಮ್ಮ ಅಕ್ಕನೋ ತಾಯಿಯೋ ಅಂದುಕೊಳ್ಳಬಹುದು. ಆಗ ‘ನಾನ್ಯಾರು ಹೇಳು’ ಅಂತ ಪರೀಕ್ಷೆ ಮಾಡಬೇಡಿ, ಹೆಸರು ಹೇಳಿಕೊಂಡೇ ಹತ್ತಿರ ಹೋಗಿ. ನಡೆದ ಸಂಗತಿ ಮರೆತುಹೋದರೂ ಅದರಿಂದಾದ ಸಂತೋಷವೋ ಸಂಕಟವೋ ಇವರಲ್ಲಿ ಉಳಿದಿರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನೀವು ಬಂದುಹೋದದ್ದು ಸಂಜೆಗೆ ನೆನಪಿರದಿದ್ದರೂ ಆ ಸಂಜೆ ಅವರು ಸಮಾಧಾನವಾಗಿರುತ್ತಾರೆ. ಹಾಗಾಗಿ ಹೋಗುತ್ತಿರಿ.

ನಿಮಗೆ ಬರುತ್ತಾ ಅಂದರೆ, ತಾಯಿಗಿದ್ದರೆ ಅಪಾಯ ಸ್ವಲ್ಪ ಜಾಸ್ತಿ, ಬಂದೇ ಬರುತ್ತದೆ ಅಂತಿಲ್ಲ. ನೇರವಾಗಿ ವಂಶದಲ್ಲಿ ಇಳಿದು ಬರುವ ಬಗೆ ನೂರಕ್ಕೆ ಒಂದಕ್ಕಿಂತ ಕಡಿಮೆ, ಅದು ಚಿಕ್ಕ ವಯಸ್ಸಿಗೇ ಕಾಣಿಸುತ್ತದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಹೇಳಿದಂತೆ, ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ಸರಿಮಾಡಿದರೆ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕಿವಿ, ಕಣ್ಣು, ಧೂಮಪಾನ, ಕುಡಿತ, ನಡಿಗೆ ಇಲ್ಲದಿರುವುದು, ಒಂಟಿತನ ಅದರಲ್ಲಿ ಕೆಲವು. ಅವ್ವನ ಓಡಾಟದಲ್ಲಿ ನಿಮ್ಮ ಬಿಪಿ ನೋಡಿಸಿಕೊಳ್ಳುವುದನ್ನು ಮರೆಯಬೇಡಿ.

ಮುಂದಿನ ಭೇಟಿಗೆ ಮುಂಚೆ ಒಂದು ನೋಟ್‌ಬುಕ್ ಶುರುಮಾಡಿ. ವಾರಕ್ಕೊಮ್ಮೆ ಮೂರು ಸಾಲು ಸಾಕು. ಈ ವಾರ ತಾವಾಗಿಯೇ ಮಾಡಿದ್ದು ಏನು, ಹೇಳಿಕೊಟ್ಟರೆ ಮಾಡಿದ್ದು ಏನು, ಹೇಳಿದರೂ ಆಗದ್ದು ಏನು. ಅತ್ತಿಗೆಯೂ ಬರೆಯಲಿ, ದಿನವಿಡೀ ನೋಡುವವರು ಅವರು. ಡಾಕ್ಟರ್ ಮುಂದೆ ಅವ್ವ ಚೆನ್ನಾಗಿಯೇ ಮಾತಾಡುತ್ತಾರೆ, ಎಲ್ಲರೂ ಹಾಗೇ. ಅವರ ಎದುರಿಗೇ ದೂರು ಹೇಳದೆ, ನಿಮ್ಮ ಜೊತೆ ಬೇರೆಯಾಗಿ ಐದು ನಿಮಿಷ ಮಾತಾಡಲು ಕೇಳಿ, ಆಗ ಈ ನೋಟ್‌ಬುಕ್ ಕೊಡಿ. ನಡುವೆ ದಿಕ್ಕು ತೋಚದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ನಿಮಗೋ ಅತ್ತಿಗೆಗೋ ಮನಸ್ಸು ತಡೆಯದಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.